ಹೆಸರು ಹೇಳಿ ಹೊಡೆದ ಊರು

ಆ ಊರಿನಲ್ಲಿ ಯಾರೂ ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ. ಹಾಗೆಂದು ಅಲ್ಲಿನವರೆಲ್ಲ ಸಾಧುಗಳು ಎಂದುಕೊಂಡರೆ ನೀವು ಮೋಸ ಹೋದಿರಿ. ಎಲ್ಲ ಊರುಗಳಲ್ಲಿ ಇರುವಷ್ಟೇ ಹಠ, ಹೊಟ್ಟೆಕಿಚ್ಚು, ಹಗೆ ಅಲ್ಲಿಯೂ ಇದ್ದವು. ಆದರೆ ಹೊಡೆದಾಟಕ್ಕೆಂದೇ ಒಂದು ಜಾಗವಿತ್ತು. ಊರ ನಡುವೆ ಮಂಚದಷ್ಟು ಎತ್ತರದ ಒಂದು ಹಾಸುಗಲ್ಲು, ಅದರ ಮೇಲೆ ಗೀಟು ಕೊರೆದ ಮನೆಗಳು. ಜಗಳವಾಡಿದವರು ಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತು, ತಮ್ಮ ಕೈಯಾರೆ ಮಾಡಿದ ತಮ್ಮದೇ ಮಣ್ಣಿನ ಗೊಂಬೆಯನ್ನು ಒಂದೊಂದು ಮನೆಯಲ್ಲಿ ಇಡುತ್ತಿದ್ದರು. ಹೊಡೆದಾಡುತ್ತಿದ್ದುದು ಆ ಗೊಂಬೆಗಳು. ದಣಿಯುತ್ತಿದ್ದುದು ಮಾತ್ರ ಕೂತವರು.

ಕಲ್ಲಿನ ತಲೆಯ ಕಡೆ ಹೇಳುವಾಕೆ ಕೂರುತ್ತಿದ್ದಳು. ಅವಳ ಮುಂದೆ ಮುಚ್ಚಳವಿದ್ದ ತಾಮ್ರದ ಗಡಿಗೆ, ಗಡಿಗೆಯ ಪಕ್ಕ ನಾಲ್ಕು ಎಲುಬಿನ ದಾಳ. ಚಪ್ಪಟೆ ದಾಳಗಳು, ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕಪ್ಪು. ಸರದಿ ಬಂದವನು ಗೊಂಬೆಯನ್ನು ಮುಂದಕ್ಕೆ ಸರಿಸಿ, "ಹೊಡೆಯುತ್ತೇನೆ" ಎಂದು ದಾಳಗಳನ್ನು ಗಡಿಗೆಯೊಳಗೆ ಬಿಡಬೇಕು. ಹೇಳುವಾಕೆ ಮುಚ್ಚಳ ಎತ್ತಿ ತಾನೊಬ್ಬಳೇ ಇಣುಕಬೇಕು. ಒಂದು ದಾಳವಾದರೂ ಬಿಳಿ ಬಿದ್ದಿದ್ದರೆ "ಮೈ ದಣಿಯಿತು" ಎನ್ನುವಳು. ಎಲ್ಲವೂ ಕಪ್ಪಾದರೆ "ಗಾಳಿಗೆ ಹೋಯಿತು" ಎನ್ನುವಳು. ಅವಳು ಹೇಳಿದರೆ ಆಯಿತು. ಎದುರಿಗೆ ಕೂತವನಿಗೆ ಹೊಲ ಉತ್ತು ಬಂದಷ್ಟು ದಣಿವು ಮೈಗೆ ಇಳಿಯುತ್ತಿತ್ತು. ಕೂರಲಾರದಷ್ಟು ದಣಿದವನು ಸೋತ. ಸೋತವನು ಗೆದ್ದವನ ಮಾತಿಗೆ ಒಪ್ಪಿ, ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ಬೆಳಗ್ಗೆ ಎದ್ದರೆ ಮೈ ಹಗುರ. ಹಗೆಯೂ ಎಷ್ಟೋ ಸಲ ಹಗುರ.

ಹೇಳುವಾಕೆಗೆ ಒಂದು ಕಟ್ಟಳೆ ಇತ್ತು. ಆಟಕ್ಕೆ ಕೂತವರು ಏನನ್ನೇ ಕೇಳಲಿ, ಅವಳು "ಇಲ್ಲ" ಎನ್ನುವ ಹಾಗಿಲ್ಲ. "ಆಗಬಹುದು, ಆದರೆ" ಎಂದು ಶುರುಮಾಡಬೇಕು. ಗೊಂಬೆ ಮರ ಹತ್ತಬಹುದೇ ಎಂದರೆ ಆಗಬಹುದು, ಆದರೆ ಇಳಿಯುವುದಕ್ಕೆ ಒಂದು ಸರದಿ ಹೋಗುತ್ತದೆ. ಗೊಂಬೆ ಓಡಿಹೋಗಬಹುದೇ ಎಂದರೆ ಆಗಬಹುದು, ಆದರೆ ಬೆನ್ನು ತೋರಿಸಿದಂತಾಗುತ್ತದೆ. "ಆಗಬಹುದು" ಎನ್ನುವುದು ಬಾಯಿಗೆ ಬಂದದ್ದು. "ಆದರೆ" ಎಂದ ಮೇಲಿನದರಲ್ಲೇ ಹೇಳುವಾಕೆಯ ಜಾಣತನವೆಲ್ಲ ಇರುವುದು. ಮತ್ತೆ, ಒಮ್ಮೆ ಆಡಿದ್ದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬೇರೆ ಊರುಗಳಲ್ಲಿ ಬರೀ ಗಾದೆ. ಅಲ್ಲಿ ಅದು ಕಾನೂನು.

ನಾನು ಹೇಳುವ ಕಾಲದ ಹೇಳುವಾಕೆಗೆ ಒಬ್ಬಳೇ ಮಗಳು. ಮಗಳನ್ನು ಕೊಳಲು ಕೊರೆಯುವವನಿಗೆ ಕೊಟ್ಟಿತ್ತು. ಕೊಳಲುಗಾರನ ಬೇಲಿಯ ಆಚೆಗೆ ಗಂಟೆ ಎರೆಯುವವನ ಕುಲುಮೆ. ಕುಲುಮೆಯ ಹೊಗೆ, ಬೂದಿ ಬೇಲಿ ದಾಟಿ ಬಂದು ಒಣಗಲು ಇಟ್ಟ ಬಿದಿರಿಗೆ ಕೂರುತ್ತಿತ್ತು. ಕೊಳಲುಗಾರ ಕುಲುಮೆಯ ಬಾಯಿ ತಿರುಗಿಸು ಎಂದ. ಗಂಟೆಗಾರ ನೀನು ಬಿದಿರು ತಿರುಗಿಸು ಎಂದ. ಇಬ್ಬರೂ ಹಾಸುಗಲ್ಲಿಗೆ ಬಂದರು. ಗಂಟೆಗಾರ ಸೋತ. ಮತ್ತೆ ಬಂದ, ಮತ್ತೆ ಸೋತ. ಸೋತಾಗಲೆಲ್ಲ ಕುಲುಮೆಯ ಬಾಯಿ ತಿರುಗಿಸುತ್ತಿದ್ದ, ಗಾಳಿ ಬದಲಾದಾಗ ಹೊಗೆ ಮತ್ತೆ ಅತ್ತಲೇ ಹೋಗುತ್ತಿತ್ತು. ಹೊಗೆಗೆ ಯಾರ ಕಾನೂನು?

ಸೋತು ಸೋತು ಗಂಟೆಗಾರನಿಗೆ ಒಂದು ಬಗೆಯ ಬೇಸರ ಹತ್ತಿತು. ಅವನ ಕೆಲಸವೇ ಅಂಥದ್ದು. ಗಂಟೆಯ ದನಿ ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಆ ಒಂದೇ ಜಾಗ ಹುಡುಕುವವನು ಅವನು. ಇಡೀ ಗಂಟೆಗೆ ಸುಮ್ಮನೆ ಹೊಡೆಯುವುದು ಅವನಿಗೆ ಅರ್ಥವಾಗದ ವಿಷಯ. ಒಂದು ದಿನ ದಾಳಗಳನ್ನು ಗಡಿಗೆಗೆ ಬಿಡದೆ ಕೈಯಲ್ಲೇ ಹಿಡಿದುಕೊಂಡ. ಆಮೇಲೆ ಹೇಳುವಾಕೆಯ ಕಡೆ ತಿರುಗಿದ.

"ಅಮ್ಮಾ, ಇವನ ಮೈಗೆ ಹೊಡ್ದೂ ಹೊಡ್ದೂ ಸಾಕಾಯ್ತು. ಬಲಗೈ ಹೆಬ್ಬೆರಳಿಗೇ ಅಂತ ಹೊಡೀಬೋದಾ?"

ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಕೇಳಬಾರದೆಂದೂ ಯಾರೂ ಹೇಳಿರಲಿಲ್ಲ. ಸುತ್ತ ನಿಂತವರು ನಕ್ಕರು. ಕೊಳಲುಗಾರನೂ ನಕ್ಕ. ಹೇಳುವಾಕೆ ಯೋಚಿಸಿದಳು, ಆದರೆ ಯೋಚಿಸಿದ್ದು ಸಾಲದು. ಅವಳಿಗೆ ಅನ್ನಿಸಿದ್ದು ಇಷ್ಟು: ಮೈಗಿಂತ ಬೆರಳು ಚಿಕ್ಕದು, ಚಿಕ್ಕದಕ್ಕೆ ಗುರಿ ಇಡುವುದು ಕಷ್ಟ, ಕಷ್ಟವಾದದ್ದನ್ನು ಜನ ಬೇಗ ಬಿಟ್ಟುಬಿಡುತ್ತಾರೆ.

"ಆಗಬಹುದು, ಆದರೆ ನಾಲ್ಕೂ ಬಿಳಿ ಬೀಳಬೇಕು."

ಕಷ್ಟವಾದದ್ದನ್ನು ಜನ ಬಿಟ್ಟುಬಿಡುತ್ತಾರೆ ಎಂದು ಅವಳಿಗೆ ಯಾರು ಹೇಳಿದರೋ! ಪ್ರೀತಿಯಲ್ಲಿ ಬಿಡಬಹುದು, ದ್ವೇಷದಲ್ಲಿ ಬಿಡುವುದಿಲ್ಲ. ಗಂಟೆಗಾರ ಹಾಕಿದ, ಗಾಳಿಗೆ ಹೋಯಿತು. ಮತ್ತೆ ಹಾಕಿದ, ಗಾಳಿಗೆ ಹೋಯಿತು. ಅಷ್ಟರಲ್ಲಿ ಅವನ ಮೈ ಹಣ್ಣಾಗಿ ತಲೆ ಕಲ್ಲಿಗೆ ಬಾಗುತ್ತಿತ್ತು. ಆದರೂ ಬಿಡದೆ ಇನ್ನೊಮ್ಮೆ "ಬಲಗೈ ಹೆಬ್ಬೆರಳು" ಎಂದ. ಹೇಳುವಾಕೆ ಇಣುಕಿದಳು. ನಾಲ್ಕೂ ಬಿಳಿ. ಮೈ ದಣಿಯಿತು ಎನ್ನುವಂತಿರಲಿಲ್ಲ, ಹೊಡೆದದ್ದು ಮೈಗಲ್ಲವಲ್ಲ. ಅವಳ ಬಾಯಿಗೆ ಹೊಸ ಮಾತೊಂದು ಬಂತು.

"ತಗುಲಿತು."

ಕೊಳಲುಗಾರ ಮನೆಗೆ ಹೋದ, ಉಂಡ, ಮಲಗಿದ. ಬೆಳಗ್ಗೆ ಮೈಯೆಲ್ಲ ಹಗುರವಾಗಿತ್ತು. ಹೆಬ್ಬೆರಳು ಮಾತ್ರ ಏಳಲಿಲ್ಲ. ನೋವಿಲ್ಲ, ಗಾಯವಿಲ್ಲ, ಸುಮ್ಮನೆ ಬೇರೆಯವರ ಬೆರಳಿನಂತೆ ಅಂಗೈಗೆ ಅಂಟಿಕೊಂಡಿತ್ತು. ಮರುದಿನವೂ ಏಳಲಿಲ್ಲ. ದಣಿದ ಮೈ ನಿದ್ದೆ ಮಾಡಿ ಏಳುತ್ತದೆ. ಹೆಸರು ಹೇಳಿ ಹೊಡೆದದ್ದು ಏಳುವುದಿಲ್ಲ ಎಂದು ಊರಿಗೆ ಆಗ ತಿಳಿಯಿತು. ಹೆಬ್ಬೆರಳಿಲ್ಲದೆ ತೂತು ಕೊರೆಯುವ ಬೈರಿಗೆ ಹಿಡಿಯಲಾಗದು, ಬೈರಿಗೆ ಇಲ್ಲದೆ ಬಿದಿರು ಬರೀ ಬಿದಿರು. ಮಗಳು ತಾಯಿಯ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ನಿನ್ನ ನಾಲಿಗೆಯ ಮೇಲೆ 'ಆಗಬಹುದು' ಎನ್ನುವುದು ಅಷ್ಟು ಸಲೀಸಾಗಿ ಬಂತಲ್ಲ ಎಂದಳು. ಅದಾದ ಮೇಲೆ ತಾಯಿಯೊಡನೆ ಮಾತು ಬಿಟ್ಟಳು.

ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಒಬ್ಬನಿಗೆ ಆಗಬಹುದಾದದ್ದು ಎಲ್ಲರಿಗೂ ಆಗಬಹುದು. ಅಡುಗೆಯವಳ ಮೂಗು, ಕಾವಲುಗಾರನ ಕಿವಿ, ಅಂಬಿಗನ ಭುಜ, ವಾದ ಮಾಡಿ ಗೆಲ್ಲುವವನ ನಾಲಿಗೆ. ಯಾರೂ ಈಗ ಮೈಗೆ ಹೊಡೆಯುತ್ತಿರಲಿಲ್ಲ. ಮೈಗೆ ಹೊಡೆಯುವುದು ಹೇಡಿಗಳ ಕೆಲಸ ಎಂಬ ಮಾತು ಹುಟ್ಟಿತು. ಊರಿನವರು ಬಚ್ಚಿಟ್ಟುಕೊಂಡು ಬದುಕಲು ಕಲಿತರು. ಹಾಡುವವಳು ಹೊರಗೆ ಬಂದಾಗ ಒಡಕು ದನಿಯಲ್ಲಿ ಮಾತಾಡಿದಳು. ನೇಯುವವನು ಕೈಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ನನಗೆ ಕಾಲಿನದೇ ಕೆಲಸ ಎಂದು ಸಾರಿದ. ಹೆಣ್ಣು ನೋಡಲು ಹೋದವರಿಗೆ ಹುಡುಗಿಯ ಮೊಣಕೈ ಮಾತ್ರ ತೋರಿಸಿ ಕಳಿಸಿದರು. ತನಗೆ ಏನು ಚೆನ್ನಾಗಿ ಬರುತ್ತದೆ ಎಂದು ಯಾರೂ ಯಾರಿಗೂ ಹೇಳದ ಊರಾಯಿತು ಅದು. ಅಂಥ ಊರಿನಲ್ಲಿ ಏನು ತಾನೇ ಚೆನ್ನಾಗಿ ಇರುತ್ತದೆ, ನೀವೇ ಹೇಳಿ.

ಹೇಳುವಾಕೆ ಸೊರಗಿದಳು. ದಿನವೂ ಮುಚ್ಚಳ ಎತ್ತುವುದು, ದಿನವೂ ಇಣುಕುವುದು. ನಾಲ್ಕು ಬಿಳಿ ಕಂಡಾಗಲೆಲ್ಲ "ತಗುಲಿತು" ಎನ್ನುವುದು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಮುಂದಕ್ಕೆ ಸೇರಿಸಬಹುದು ಅಷ್ಟೆ. ಬಹಳ ಯೋಚಿಸಿ ಒಂದು ದಿನ ಹೊಸ 'ಆದರೆ' ಹೇಳಿದಳು. ಹೆಸರು ಹೇಳಿ ಹೊಡೆಯುವುದು ಆಗಬಹುದು, ಆದರೆ ಹೊಡೆಯುವ ಅಂಗ ಈವರೆಗೆ ಏನೇನು ಮಾಡಿದೆ ಎಂದು ಮೊದಲು ಹೇಳಬೇಕು. ಅಂಗದ ಒಡೆಯ ಅದನ್ನು ಕೇಳಿ "ಹೌದು, ಅದು ನನ್ನದೇ" ಎನ್ನಬೇಕು. ಎಂದ ಮೇಲೆಯೇ ದಾಳ. ಉಳಿಸಿಕೊಳ್ಳಲೆಂದು ಒಡೆಯ ಸುಳ್ಳೇ "ಅಲ್ಲ" ಎಂದರೆ? ಒಬ್ಬ ಅಂದು ನೋಡಿದ. ಅವನ ಮೊಣಕಾಲು ಆ ಮಾತು ಕೇಳಿಸಿಕೊಂಡು, ದಾಳ ಬೀಳುವ ಮೊದಲೇ ಅವನನ್ನು ಬಿಟ್ಟಿತು. ಆಮೇಲೆ ಯಾರೂ ಸುಳ್ಳು ಹೇಳಲಿಲ್ಲ.

ಈ 'ಆದರೆ' ಮೊದಲು ಚೆನ್ನಾಗಿಯೇ ನಡೆಯಿತು. ಅಂಗಡಿಯವನ ಕಣ್ಣಿಗೆ ಹೊಡೆಯಲು ಬಂದ ಒಬ್ಬ ಬಾಯಿ ತೆರೆದು, "ಅದು... ನೋಡುತ್ತೆ" ಎಂದ. ಅದರ ಮುಂದೆ ಏನೂ ಹೊಳೆಯಲಿಲ್ಲ. ಜನ ಬಿದ್ದು ಬಿದ್ದು ನಕ್ಕರು, ಅವನು ಗೊಂಬೆ ಎತ್ತಿಕೊಂಡು ಹೋದ. ಇನ್ನೊಬ್ಬ ಹಠ ಹಿಡಿದು, ವೈರಿಯ ಕಿವಿಯ ಕಥೆ ತಿಳಿಯಲೆಂದು ಅವನ ಜಗುಲಿಯ ಬಳಿ ಸುಳಿದಾಡಿದ. ಆ ಕಿವಿ ಹಾಸಿಗೆ ಹಿಡಿದ ಅಪ್ಪನ ಉಸಿರು ಕೇಳುತ್ತಾ ರಾತ್ರಿಯೆಲ್ಲ ಎಚ್ಚರವಿರುತ್ತದೆ ಎಂದು ಗೊತ್ತಾದ ಮೇಲೆ ಕಲ್ಲಿಗೆ ಬಂದು ಕೂತ. ಕೂತು, ಬೇಲಿಯನ್ನು ಸ್ವಲ್ಪ ಆಚೆ ಸರಿಸಿದರೆ ನನಗೆ ಸಾಕು ಎಂದ. ಹಗೆ ಇದ್ದವರಿಗೆ ತಮ್ಮ ಹಗೆಯ ಬಗ್ಗೆ ಎಷ್ಟು ಕಡಿಮೆ ಗೊತ್ತಿತ್ತು ಎಂದು ಗೊತ್ತಾಯಿತು. ಹೇಳುವಾಕೆಯ ಮುಖಕ್ಕೆ ಸ್ವಲ್ಪ ಕಳೆ ಬಂತು.

ಕೊಳಲುಗಾರ ಮಾತ್ರ ಯಾರೊಡನೆಯೂ ಮಾತಾಡದೆ, ದಿನವೂ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಕುಲುಮೆಯ ಕಡೆ ನೋಡುತ್ತಿದ್ದ. ಗಂಟೆಗಾರನ ಬಲಗೈಯನ್ನು ನೋಡುತ್ತಿದ್ದ.

ಆಮೇಲೆ ಹೇಳುವಾಕೆ ಎಣಿಸದೆ ಇದ್ದದ್ದು ನಡೆಯಿತು. ಗೊತ್ತಿಲ್ಲದವರು ಹೊಡೆಯಲಾರದೆ ಹೋದರು, ಸರಿ. ಗೊತ್ತಿದ್ದವರು ಉಳಿದರಲ್ಲ! ಗಂಡನ ಮೊಣಕಾಲು ಹೆಂಡತಿಗೆ ಗೊತ್ತು. ಅಣ್ಣನ ಬೆನ್ನು ತಮ್ಮನಿಗೆ ಗೊತ್ತು, ಅದರ ಮೇಲೆ ಸವಾರಿ ಮಾಡಿ ಬೆಳೆದವನು. ಒಲೆಯ ಮುಂದಿನ ಜಗಳಗಳು ಎದ್ದು ಹಾಸುಗಲ್ಲಿಗೆ ಬಂದವು. ತಮ್ಮನೊಬ್ಬ ಅಣ್ಣನ ಬೆನ್ನಿನ ಕಥೆಯನ್ನು ಅಳುತ್ತಾ ಹೇಳಿದ. ಅಣ್ಣ ಅಳುತ್ತಾ "ಹೌದು, ಅದು ನನ್ನದೇ" ಎಂದ. ನಾಲ್ಕೂ ಬಿಳಿ ಬಿತ್ತು. ಮನೆ ಮುರಿಯಲು ಮನೆಯವರೇ ಬೇಕು ಎನ್ನುವುದನ್ನು ಹೇಳುವಾಕೆ ಮರೆತಿದ್ದಳು. ಮಗಳು ಇದನ್ನೆಲ್ಲ ದೂರದಲ್ಲಿ ನಿಂತು ನೋಡುತ್ತಿದ್ದಳು. ಎಷ್ಟು 'ಆದರೆ' ಸೇರಿಸಿದರೂ ಆ ಒಂದು 'ಆಗಬಹುದು' ಮುಚ್ಚಿಹೋಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಆ ನಾಲಿಗೆ ಇರುವವರೆಗೆ "ತಗುಲಿತು" ಎನ್ನುವುದು ಇದ್ದೇ ಇರುತ್ತದೆ. ಹೇಳುವವರೇ ಇಲ್ಲದಿದ್ದರೆ ಹೊಡೆತವೂ ಇಲ್ಲ.

ಒಂದು ಬೆಳಗ್ಗೆ ಅವಳು ಹಾಸುಗಲ್ಲಿಗೆ ಬಂದು ತನ್ನ ಗೊಂಬೆಯನ್ನು ಇಟ್ಟಳು. ಎದುರಿಗೆ ಯಾರು ಎಂದು ತಾಯಿ ಕೇಳಿದಳು. ಬಹಳ ದಿನಗಳ ಮೇಲೆ ಮಗಳೊಡನೆ ಆಡಿದ ಮೊದಲ ಮಾತು ಅದು.

"ನೀನೇ," ಎಂದಳು ಮಗಳು. "ನಿನ್ನ ನಾಲಿಗೆಗೆ ಹೊಡೀತೀನಿ."

ಹೇಳುವಾಕೆಯ ಮೇಲೆ ಯಾರೂ ಕಣಕ್ಕೆ ಬಂದಿರಲಿಲ್ಲ. ಬರಬಾರದೆಂದೂ ಇರಲಿಲ್ಲ. ಅವಳ ಮಾತು ಅವಳಿಗೇ ತಗುಲುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಜನ ಗುಸುಗುಸು ಎನ್ನುತ್ತಾ ಹತ್ತಿರ ಬಂದರು. ತನ್ನ ನಾಲಿಗೆಗೆ ಬಿದ್ದ ಪೆಟ್ಟನ್ನು ಅವಳು ತನ್ನ ನಾಲಿಗೆಯಿಂದಲೇ ಹೇಳಬೇಕು. ಒಳಗೆ ಬಿದ್ದದ್ದು ಅವಳಿಗಲ್ಲದೆ ಬೇರೆಯವರಿಗೆ ಕಾಣದು. ಗಾಳಿಗೆ ಹೋಯಿತು ಎಂದುಬಿಟ್ಟರೆ ಕೇಳುವವರು ಯಾರು, ಅವಳೇನು ಹುಚ್ಚಿಯೇ ಎಂದು ಒಬ್ಬ ಪಕ್ಕದವನ ಕಿವಿಯಲ್ಲಿ ಹೇಳಿದ. ಪಕ್ಕದವನು ತಲೆ ಆಡಿಸಿದ.

"ಆಗಬಹುದು," ಎಂದಳು ಹೇಳುವಾಕೆ, "ಆದರೆ..." ಎಲ್ಲರೂ ಕಾದರು. ಅವಳು ಆ ಮಾತನ್ನು ಮುಂದುವರಿಸಲಿಲ್ಲ. ತನಗಾಗಿ ಒಂದೂ 'ಆದರೆ' ಸೇರಿಸಿಕೊಳ್ಳಲಿಲ್ಲ. ಹಳೆಯದೇ ಸಾಕು, ಹೇಳು ಎನ್ನುವಂತೆ ಮಗಳ ಕಡೆ ಗದ್ದ ಎತ್ತಿದಳು.

ಮಗಳು ಮನೆಯಲ್ಲಿ ಎಲ್ಲ ಕೂಡಿಸಿಕೊಂಡು ಬಂದಿದ್ದಳು. ಗಟ್ಟಿಯಾಗಿ ಶುರುಮಾಡಿದಳು. "ಈ ನಾಲಿಗೆ ನನ್ನ ಕಿವೀಲಿ ನನ್ನ ಹೆಸರು ಮೊದಲು ಹೇಳ್ತು. ಕಷಾಯ ತಾನು ಮೊದಲು ಕುಡಿದು, ಸಿಹಿಯಾಗಿದೆ ಅಂತ ಸುಳ್ಳು ಹೇಳ್ತು. ನಾನು ಉಣ್ಣದೆ ಹಠ ಮಾಡಿದಾಗ ಕಾಗಕ್ಕ ಗುಬ್ಬಕ್ಕನ್ನ ಕರೀತು. ಜ್ವರ ಬಂದಾಗ..." ಅಲ್ಲಿ ಅವಳ ದನಿ ಸ್ವಲ್ಪ ಇಳಿಯಿತು. "ನನ್ನ ಕಣ್ಣಿಗೆ ಕಸ ಬಿದ್ದಾಗ, ರೆಪ್ಪೆ ಬಿಡಿಸಿ, ತುದೀಲಿ ಮೆಲ್ಲಗೆ ಸವರಿ ತೆಗೀತು. ನೋಯಲಿಲ್ಲ. ಬೆಚ್ಚಗಿತ್ತು." ತಾಯಿಯ ಕಡೆ ಬೆರಳು ತೋರಿಸಿದಳು. "ಅದೇ ನಾಲಿಗೆ ನನ್ನ ಗಂಡನ ಬೆರಳಿಗೆ ಆಗಬಹುದು ಅಂತು."

ಹೇಳುವಾಕೆ ಕಣ್ಣು ಒರೆಸಿಕೊಳ್ಳಲಿಲ್ಲ. "ಹೌದು. ಅದು ನನ್ನದೇ."

ಮಗಳು ದಾಳಗಳನ್ನು ಹಿಡಿದಳು. ಆ ಕ್ಷಣದಲ್ಲಿ ಅವು ಕಪ್ಪೇ ಬೀಳಲಿ ಎಂದು ಅವಳು ಬೇಡಿಕೊಂಡಳು, ಬಿಳಿಯೇ ಬೀಳಲಿ ಎಂದೂ ಬೇಡಿಕೊಂಡಳು. ದಾಳಗಳು ತಾಮ್ರಕ್ಕೆ ಬಡಿದ ಸದ್ದಾಯಿತು. ಹೇಳುವಾಕೆ ಮುಚ್ಚಳ ಎತ್ತಿ ಇಣುಕಿದಳು. ಯಾವತ್ತಿಗಿಂತ ಹೆಚ್ಚು ಹೊತ್ತು ನೋಡಿದಳು. ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

"ತಗುಲಿತು."

ಅಷ್ಟೇ. ಆಮೇಲೆ ಅವಳಿಂದ ಮಾತು ಹೊರಡಲಿಲ್ಲ. ಯಾರೋ ನೀರು ತಂದುಕೊಟ್ಟರು, ಅವಳು ಕೈಸನ್ನೆಯಲ್ಲೇ ಸಾಕು ಎಂದಳು. ಗುಂಪಿನಲ್ಲಿದ್ದ ಗಂಟೆಗಾರ ತಲೆ ತಗ್ಗಿಸಿದ. ಗೆದ್ದ ಮಗಳು ಕಲ್ಲಿನ ಪಕ್ಕ ಕುಸಿದು, ಗೆದ್ದವರು ಅಳಬಾರದೆಂಬ ಕಟ್ಟಳೆ ಏನೂ ಇರದಿದ್ದುದರಿಂದ, ಜೋರಾಗಿ ಅತ್ತಳು.

ಹೇಳುವವರೇ ಇಲ್ಲದಿದ್ದರೆ ಹೊಡೆತವೂ ಇಲ್ಲ ಎಂದು ಅವಳು ಎಣಿಸಿದ್ದಳು. ಊರು ಹಾಗೆ ಎಣಿಸಲಿಲ್ಲ. ಹಿರಿಯರು ಕೂಡಿ, ಪೀಠ ಖಾಲಿ ಇದ್ದರೆ ಜನ ಕಲ್ಲು ಬಿಟ್ಟು ಬೀದಿಗೆ ಇಳಿಯುತ್ತಾರೆ, ಗೊಂಬೆ ಬಿಟ್ಟು ಕೋಲು ಹಿಡಿಯುತ್ತಾರೆ ಎಂದರು. ನಾಲಿಗೆ ನಿಲ್ಲಿಸಿದವಳೇ ಕೂರಲಿ, ಮಾಡಿದ್ದುಣ್ಣೋ ಮಹರಾಯ ಎಂದರು. ಮಗಳು ಒಲ್ಲೆ ಎಂದಳು. ತಾಯಿ ಬಂದು ಅವಳ ಕೈ ಹಿಡಿದು ಪೀಠದ ಮೇಲೆ ಕೂರಿಸಿದಳು.

ಜನ ಇನ್ನೂ ಪೂರ್ತಿ ಸೇರಿರಲಿಲ್ಲ. ಹಿಂದಿನ ಆಟದ ದಾಳಗಳು ಗಡಿಗೆಯಲ್ಲೇ ಇದ್ದವು, ಅಂದಿನಿಂದ ಯಾರೂ ಮುಟ್ಟಿರಲಿಲ್ಲ. ಆಟಕ್ಕೆ ಮೊದಲು ಅವನ್ನು ತೆಗೆದು ಒರೆಸಿ ಇಡುವುದು ಹೇಳುವಾಕೆಯ ಕೆಲಸ. ಮಗಳು ಮೊದಲ ಸಲ ಮುಚ್ಚಳ ಎತ್ತಿ ಇಣುಕಿದಳು.

ಮೂರು ಬಿಳಿ ಇದ್ದವು. ಒಂದು ಕಪ್ಪು.

ಅವಳು ಮತ್ತೆ ನೋಡಿದಳು. ಗಡಿಗೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಕಪ್ಪು ಕಪ್ಪಾಗಿಯೇ ಇತ್ತು. ಗಾಳಿಗೆ ಹೋಗಿತ್ತು ಅದು. ಅವ್ವ ಸುಳ್ಳು ಹೇಳಿದ್ದಳು, ತನ್ನನ್ನು ಉಳಿಸಿಕೊಳ್ಳುವುದಕ್ಕಲ್ಲ. ಗುಂಪಿನ ಅಂಚಿನಲ್ಲಿ ಕೂತಿದ್ದ ತಾಯಿಯ ಕಡೆ ಮಗಳು ನೋಡಿದಳು. ತಾಯಿ ಬೇರೆಲ್ಲೋ ನೋಡುತ್ತಿದ್ದಳು. ಮಗಳಿಗೆ ಎದ್ದು ಓಡಿಹೋಗಬೇಕು ಎನ್ನಿಸಿತು. ಅಷ್ಟರಲ್ಲಿ ಕಲ್ಲಿನ ಎರಡು ಕಡೆ ಇಬ್ಬರು ಬಂದು ಕೂತರು.

ಒಬ್ಬ ಗಂಟೆಗಾರ. ಇನ್ನೊಬ್ಬ ಅವಳ ಗಂಡ.

ಗಂಡನ ಆಟಕ್ಕೆ ಹೆಂಡತಿ ಹೇಳುವುದು ಸರಿಯೇ ಎಂದು ಜನ ಗೊಣಗಿದರು. ಗಂಟೆಗಾರನೇ, ಇರಲಿ, ಇನ್ಯಾರಿದ್ದಾರೆ ಎಂದ. ಕೊಳಲುಗಾರ ಎಡಗೈಯಲ್ಲಿ ತನ್ನ ಗೊಂಬೆಯನ್ನು ಇಟ್ಟ. ಗೊಂಬೆಗೆ ಎರಡೂ ಹೆಬ್ಬೆರಳು ಇದ್ದವು, ಹಳೆಯ ಗೊಂಬೆ ಅದು. ಅವನ ಬಲಗೈಗೆ ತಾನೇ ದಿನವೂ ತುತ್ತು ಕಲಸಿ ಕೊಡುತ್ತಿದ್ದುದು ಅವಳಿಗೆ ನೆನಪಾಯಿತು. ಅವನು ಗಂಟೆಗಾರನ ಬಲಗೈಗೆ ಹೊಡೆಯುತ್ತೇನೆ ಎಂದ. ಅವಳು "ಆಗಬಹುದು, ಆದರೆ ಮೊದಲು ಹೇಳು" ಎಂದಳು.

ಅವನು ಬಿದಿರು ಅಳೆಯುವವನ ಹಾಗೆ, ಏರದೆ ಇಳಿಯದೆ ಹೇಳಿದ. ಆ ಕೈ ಕಾದ ಕಂಚನ್ನು ಒಂದು ತೊಟ್ಟು ಚೆಲ್ಲದೆ ಎರೆಯುತ್ತದೆ. ಆರಿದ ಗಂಟೆಯನ್ನು ಗೆಣ್ಣಿನಿಂದ ತಟ್ಟಿ, ತಪ್ಪಿದ ಜಾಗವನ್ನು ಉಗುರಿನಿಂದ ಗುರುತು ಮಾಡುತ್ತದೆ. ಸಂಜೆ ಒಳಗೆ ಹೋಗುವ ಮೊದಲು ಬೂದಿಯಲ್ಲಿ ಉಜ್ಜಿ ತೊಳೆದುಕೊಳ್ಳುತ್ತದೆ. ಆದರೂ ಅಂಗೈ ಒರಟೆಂದು, ಮಗುವಿನ ಕೆನ್ನೆಯನ್ನು ಹಿಂಗೈಯಿಂದ ಮುಟ್ಟುತ್ತದೆ.

ಗಂಟೆಗಾರ ತನ್ನ ಕೈಯನ್ನು ಮೊದಲ ಸಲ ನೋಡುವವನಂತೆ ನೋಡಿಕೊಂಡ. "ಹೌದು, ಅದು ನನ್ನದೇ. ಇಷ್ಟು ನನ್ನ ಹೆಂಡ್ತಿಗೂ ಗೊತ್ತಿಲ್ಲ," ಎಂದ.

ದಾಳ ಬಿತ್ತು. ಮಗಳು ಮುಚ್ಚಳ ಎತ್ತಿದಳು.

ನಾಲ್ಕೂ ಬಿಳಿ.

ಅವಳಿಗೆ ಸಂತೋಷವಾಯಿತು. ಆಗಲಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. ಒಂದು ಮಾತು ಸಾಕು, ಇವನ ಕೈಯೂ ತೋಳಿಗೆ ಅಂಟಿದ ಬೇರೆಯವರ ಕೈಯಂತಾಗಲಿ, ಇವನ ಹೆಂಡತಿಯೂ ತುತ್ತು ಕಲಸಲಿ. ಆ ಮಾತು ಅವಳ ಹಲ್ಲಿನ ಹಿಂದೆ ಬಂದು ನಿಂತಿತ್ತು. ಅವಳು ಗುಂಪಿನ ಅಂಚಿಗೆ ನೋಡಿದಳು. ಈಗ ತಾಯಿ ಅವಳನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ, ಗದರಿಸುವ ನೋಟವೂ ಅಲ್ಲ. ನಾಲ್ಕೂ ಬಿಳಿಯಿಲ್ಲದೆ ತಾಯಿ ಹೇಳಿದ್ದನ್ನು ಮಗಳು ಬಲ್ಲಳು, ನಾಲ್ಕೂ ಬಿಳಿಯಿದ್ದೂ ಹೇಳದೆ ಇರುವುದು ಇನ್ನೂ ಯಾರೂ ಮಾಡಿ ನೋಡಿರದ ಕೆಲಸ. ಮಗಳು ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

"ಮೈ ದಣಿಯಿತು."

ಜನ ಮುಖ ಮುಖ ನೋಡಿಕೊಂಡರು. ಹೆಸರು ಹೇಳಿ ಹೊಡೆದದ್ದಕ್ಕೆ ತಗುಲಿತು ಎನ್ನಬೇಕು, ಇಲ್ಲವೇ ಗಾಳಿಗೆ ಹೋಯಿತು ಎನ್ನಬೇಕು. ಇದೆಂಥ ಉತ್ತರ? ಆದರೆ ಹೇಳುವಾಕೆ ಹೇಳಿದ ಮೇಲೆ ಮುಗಿಯಿತು. ಗಂಟೆಗಾರ ಬಲಗೈಯನ್ನು ಮುಚ್ಚಿದ, ಬಿಡಿಸಿದ, ಮತ್ತೆ ಮುಚ್ಚಿದ. ಆಮೇಲೆ ಎಷ್ಟೋ ಕಾಲದಿಂದ ಊರು ಮರೆತಿದ್ದ ಆ ಹಳೆಯ ದಣಿವು ಅವನ ಮೈಗೆ ಇಳಿಯಿತು. ಅವನು ದೊಡ್ಡದಾಗಿ ಆಕಳಿಸಿದ. ಪಕ್ಕದಲ್ಲಿ ನಿಂತಿದ್ದ ಮುದುಕನೂ ಆಕಳಿಸಿದ. ಆಕಳಿಕೆ ಹಾಗೆಯೇ ಸುತ್ತಿಕೊಂಡು ಹೋಗಿ, ಯಾರೋ ನಕ್ಕರು.

ಕೊಳಲುಗಾರ ಎದ್ದು ಮನೆಗೆ ನಡೆದ. ಅವಳು ಹೋದಾಗ ಜಗುಲಿಯಲ್ಲಿ ಕೂತಿದ್ದ. ಅವಳನ್ನು ಕಂಡು ಕೇಳಿದ.

"ನಾಲ್ಕೂ ಬಿಳೀನೇ ಇತ್ತು ಅಲ್ವಾ?"

ಅವಳು ಅವನ ಪಕ್ಕ ಕೂತಳು. ಅವನು, ನನಗೂ ದಣಿವಾಗಿದೆ ಎಂದು ಅಲ್ಲೇ ಗೋಡೆಗೆ ಒರಗಿ ನಿದ್ದೆಹೋದ. ಅವನ ಹೆಬ್ಬೆರಳು ತಿರುಗಿ ಬರಲಿಲ್ಲ. ಕಥೆ ಎಂದ ಮಾತ್ರಕ್ಕೆ ಹೋದದ್ದೆಲ್ಲ ವಾಪಸು ಬರಬೇಕೆಂದೇನಿಲ್ಲ. ಅವನು ಎಡಗೈಯಲ್ಲಿ ಬೈರಿಗೆ ಹಿಡಿಯಲು ಕಲಿತ. ಅವನ ಕೊಳಲುಗಳು ಸ್ವಲ್ಪ ಸೊಟ್ಟ, ಕೆಲವರಿಗೆ ಆ ದನಿಯೇ ಹೆಚ್ಚು ಇಷ್ಟವಾಯಿತು. ಊರಿನವರು ಇನ್ನೂ ಕೆಲವು ದಿನ ಹೆಸರು ಹೇಳಿ ಹೊಡೆದು ನೋಡಿದರು. ಏನು ಬಿದ್ದರೂ ಮೈ ದಣಿಯಿತು, ಇಲ್ಲವೇ ಗಾಳಿಗೆ ಹೋಯಿತು. ಹೊಸ ಹೇಳುವಾಕೆಯ ಕಾಲದಲ್ಲಿ ನಾಲ್ಕೂ ಬಿಳಿ ಬೀಳುವುದೇ ಇಲ್ಲ ಎಂದು ಬೈದು, ಮತ್ತೆ ಮೈಗೇ ಹೊಡೆಯತೊಡಗಿದರು. ಆದರೆ ಎದುರಿಗೆ ಕೂತವನ ಕೈ ಕಾಲು ಏನು ಮಾಡುತ್ತದೆ ಎಂದು ನೋಡುವ ಅಭ್ಯಾಸ ಕೆಲವರಿಗೆ ಹಾಗೆಯೇ ಉಳಿಯಿತು.

ಇನ್ನು ಉಳಿದದ್ದು ಊರಿಗೆ ಗೊತ್ತಿಲ್ಲ. ಗಡಿಗೆಯನ್ನು ನನ್ನ ಕೈಗೆ ಒಪ್ಪಿಸುವ ದಿನ, ಮುದುಕಿಯಾಗಿದ್ದ ಆ ಮಗಳು ನನಗೆ ಹೇಳಿದ್ದು.

ಅವಳು "ಮೈ ದಣಿಯಿತು" ಎಂದ ಮರುದಿನ ಬೆಳಗ್ಗೆ ತಾಯಿಯ ಮನೆಗೆ ಹೋದಳಂತೆ. ಹೆಬ್ಬೆರಳಿನ ದಿನದಿಂದ ಮೊದಲ ಸಲ ಹೊಸ್ತಿಲು ದಾಟಿದಳು. ತಾಯಿ ಅಂಗಳ ಗುಡಿಸುತ್ತಿದ್ದಳು. ಮಗಳು ಪೊರಕೆ ಕಿತ್ತುಕೊಂಡು ತಾನು ಗುಡಿಸಲು ನಿಂತಳು. ಗಾಳಿ ಬೀಸಿ, ಕುಲುಮೆಯ ಬೂದಿಯ ಕಣವೊಂದು ಅವಳ ಕಣ್ಣಿಗೆ ಬಿತ್ತು. ಅವಳು ಕಣ್ಣು ಉಜ್ಜಿಕೊಂಡಳು, ಅದು ಇನ್ನೂ ಒಳಗೆ ಹೋಯಿತು.

ತಾಯಿ ಅವಳ ಕೈ ತೆಗೆಸಿದಳು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ, ಬಾಗಿ, ನಾಲಿಗೆಯ ತುದಿಯಿಂದ ಮೆಲ್ಲಗೆ ಸವರಿ ಆ ಕಣವನ್ನು ತೆಗೆದಳು. ನೋಯಲಿಲ್ಲ. ನಾಲಿಗೆ ಬೆಚ್ಚಗಿತ್ತು, ಚುರುಕಾಗಿತ್ತು, ಅದಕ್ಕೆ ಏನೂ ಆಗಿರಲಿಲ್ಲ.

ಮಗಳು ತಾಯಿಯ ಮುಖ ನೋಡಿದಳು. ತಾಯಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಪೊರಕೆ ವಾಪಸು ತೆಗೆದುಕೊಂಡು ಅಂಗಳದ ಉಳಿದ ಭಾಗವನ್ನು ಗುಡಿಸಿದಳು.